ನೀರುಗಂಟಿಯ ಕಿವಿ

ಅಪ್ಪನಿಗೆ ಇನ್ನು ಮೇಲೆ ದಿನಕ್ಕೆ ಒಂದೇ ಲೀಟರ್ ನೀರು ಎಂದು ಡಾಕ್ಟರ್ ಹೇಳಿದಾಗ ನನಗೆ ನಗು ಬಂದುಬಿಟ್ಟಿತು. ನಗುವ ಹೊತ್ತಲ್ಲ ಅದು. ಅಪ್ಪನ ಕಾಲು ಊದಿಕೊಂಡು ಚಪ್ಪಲಿಯೊಳಗೆ ತೂರುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು, ಎಕೋ ಮಾಡಿದ ಹುಡುಗಿ ಪರದೆಯ ಮೇಲೆ ಒದ್ದಾಡುತ್ತಿದ್ದ ಏನನ್ನೋ ನೋಡಿ ನನ್ನ ಕಡೆ ತಿರುಗದೆ ಬರೆದುಕೊಂಡಿದ್ದಳು. ಹೃದಯದ ಪಂಪಿಂಗ್ ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ ಎಂದರು. ಆದರೂ ನಗು ಬಂತು. ಯಾಕೆಂದರೆ ಅಪ್ಪ ಬದುಕಿಡೀ ಮಾಡಿದ್ದು ಅದೊಂದೇ ಕೆಲಸ, ಬೇರೆಯವರಿಗೆ ಅಳೆದು ನೀರು ಬಿಡುವುದು.

ನಮ್ಮದು ಯಲಹಂಕದ ಪುಟ್ಟೇನಹಳ್ಳಿಯ ನೀರುಗಂಟಿಗಳ ಮನೆ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಪಾಳಿ ಹಾಕಿ, ಕಾಲುವೆಯ ಉದ್ದಕ್ಕೂ ಗುದ್ದಲಿ ಹಿಡಿದು ಓಡಾಡುವುದು ತಾತನ ಕೆಲಸವಾಗಿತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ನಮಗೆ ಒಂದು ಪಾಲು ಬರುತ್ತಿತ್ತಂತೆ. ಗದ್ದೆಗಳೆಲ್ಲ ಸೈಟುಗಳಾದ ಮೇಲೆ ತೂಬಿಗೆ ಕೆಲಸವಿಲ್ಲದಾಯಿತು, ಅಪ್ಪ ಯಲಹಂಕದಲ್ಲಿ ವಾಟರ್‌ಮನ್ ಆದ. ಬೀದಿ ಬೀದಿಗೆ ಹೋಗಿ ಉದ್ದನೆಯ ಕಬ್ಬಿಣದ ಕೀಲಿ ಹಾಕಿ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವ ಕೆಲಸ. ಜನ ಆಗಲೂ ಅವನನ್ನು ನೀರುಗಂಟಿ ಎಂದೇ ಕರೆದರು. ಪಾಳಿಯ ವಿಷಯದಲ್ಲಿ ಅವನು ಎಂಥ ಮೊಂಡ ಎಂದರೆ ನಮ್ಮ ಬೀದಿಗೆ ಯಾವಾಗಲೂ ಕೊನೆಗೇ ನೀರು. ಬೀದಿಯ ಹೆಂಗಸರು ಅಮ್ಮನನ್ನು ಬೈಯುತ್ತಿದ್ದರು, ಅಮ್ಮ ಅಪ್ಪನನ್ನು ಬೈಯುತ್ತಿದ್ದಳು, ಅಪ್ಪ ಕೀಲಿಯನ್ನು ಮೂಲೆಗೆ ಒರಗಿಸಿ ಊಟಕ್ಕೆ ಕೂರುತ್ತಿದ್ದ.

"ನೀರುಗಂಟಿ ಮನೆ ಅಂತ ನಮ್ಗೇ ಮೊದ್ಲು ಬಿಟ್ಕಂಡ್ರೆ, ಆಮ್ಯಾಕೆ ಯಾರ್ ನಂಬ್ತಾರೆ?" ಎನ್ನುವುದು ಅವನ ಒಂದೇ ಉತ್ತರ. ಆ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗ ನೆನೆಸಿಕೊಂಡರೂ ಉರಿಯುತ್ತದೆ.

ಅಮ್ಮ ಹೋದ ಮೇಲೆ ಒಬ್ಬಳೇ ಮಗಳಾದ ನಾನು ಗಂಡನನ್ನೂ ಕಟ್ಟಿಕೊಂಡು ಇದೇ ಮನೆಗೆ ಬಂದೆ. ಕೆಳಗೆ ನನ್ನ ಬ್ಲೌಸ್ ಹೊಲಿಯುವ ಅಂಗಡಿ, ಮೇಲೆ ಮನೆ. ಕಾಯಿಲೆ ಬಂದು ಮೆಟ್ಟಿಲು ಹತ್ತಲಾಗದೆ ಹೋದಾಗ ಅಪ್ಪನ ಮಂಚವನ್ನು ಅಂಗಡಿಯ ಹಿಂದಿನ ಕೋಣೆಗೆ ಇಳಿಸಿದೆವು. ದಿನಾ ಬೆಳಿಗ್ಗೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ಅವನ ತಲೆದೆಸೆಯಲ್ಲಿ ಇಡುವುದು ನನ್ನ ಕೆಲಸವಾಯಿತು. ಕಾಫಿ, ಸಾರು, ಮಜ್ಜಿಗೆ ಎಲ್ಲವೂ ಅದರ ಲೆಕ್ಕಕ್ಕೇ. ಬೇಸಗೆಯಲ್ಲಿ ಅವನು ತುಟಿ ಒದ್ದೆ ಮಾಡಿಕೊಂಡು, ಮುಚ್ಚಳ ಹಾಕಿ, ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ. ಒಂದು ತೊಟ್ಟು ಹೆಚ್ಚು ಕೇಳಲಿಲ್ಲ.

"ಈಗ ನೀನ್ ನಂಗೆ ನೀರುಗಂಟಿ ಆದೆ ಕಣವ್ವ," ಎಂದ ಒಂದು ದಿನ.

"ನಾನು ನಿನ್ನಷ್ಟು ಕಟುಕಳಲ್ಲ," ಎಂದೆ. ಆದರೆ ಅಷ್ಟೇ ಕಟುಕಳಾಗಬೇಕಾಯಿತು.

ಮಾತ್ರೆಗಳನ್ನು ಬದಲಾಯಿಸಿ, ಹೆಚ್ಚಿಸಿ, ಕಡಿಮೆ ಮಾಡಿ ನೋಡಿದ್ದಾಯಿತು. ಕಿಡ್ನಿಯೂ ಸೊರಗಿದ್ದರಿಂದ ಆಪರೇಷನ್ ಮಾತು ಎತ್ತಲಿಲ್ಲ. ಹೆಬ್ಬಾಳದ ಕಡೆಯ ಆ ಆಸ್ಪತ್ರೆಯಲ್ಲಿ ನಮ್ಮನ್ನು ನೋಡುತ್ತಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವಳು. ಒಂದು ಸೋಮವಾರ ಅವಳು ಅಪ್ಪನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಹೊಸದೊಂದು ಪ್ರಯೋಗ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು ಎಂದಳು.

ಅವಳು ಹೇಳಿದ್ದು ಇಷ್ಟು. ಮಿದುಳಿನಿಂದ ಹೃದಯಕ್ಕೆ ಇಳಿಯುವ ಒಂದು ಉದ್ದನೆಯ ನರವಿದೆ. ಹೃದಯ ಗಾಬರಿಬಿದ್ದು ಓಡುವಾಗ ಅದನ್ನು ಸಮಾಧಾನ ಮಾಡುವುದು ಆ ನರದ ಕೆಲಸ. ಸೋತ ಹೃದಯದಲ್ಲಿ ಆ ಸಮಾಧಾನ ಸರಿಯಾಗಿ ತಲುಪುವುದಿಲ್ಲ. ಆ ನರದ ಒಂದು ಕವಲು ಕಿವಿಗೆ ಬರುತ್ತದೆ. ಕಿವಿಯ ಬಾಯಲ್ಲಿರುವ ಪುಟ್ಟ ಎಲೆಯಂಥ ಜಾಗಕ್ಕೆ ಕ್ಲಿಪ್ ಹಾಕಿ ಸಣ್ಣಗೆ ಕರೆಂಟ್ ಬಿಟ್ಟರೆ ನರ ಚುರುಕಾಗಿ ಹೃದಯಕ್ಕೆ ಒಳ್ಳೆಯದಾಗಬಹುದು, ಆಗದೆಯೂ ಇರಬಹುದು. ಅದನ್ನು ತಿಳಿಯಲೆಂದೇ ಈ ಪ್ರಯೋಗ.

"ಅಂದ್ರೆ ಮಿದ್ಳು ಕೆರೆ, ಈ ನರ ಕಾಲ್ವೆ, ಎದೆ ಗದ್ದೆ," ಎಂದ ಅಪ್ಪ. "ಕಿವಿ ತೂಬು."

ಡಾಕ್ಟರಮ್ಮ ನಕ್ಕಳು. "ಹಾಗೇ ಅಂದ್ಕೊಳ್ಳಿ ಅಪ್ಪಾಜಿ. ಆದ್ರೆ ಒಂದ್ ವಿಷ್ಯ. ಕೆಲವರ ಡಬ್ಬಿಲಿ ನಿಜವಾದ ಕರೆಂಟ್ ಇರತ್ತೆ, ಕೆಲವರದ್ರಲ್ಲಿ ಇರಲ್ಲ. ನಿಮ್ಮದು ಯಾವ್ದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಎಲ್ಲ ಮುಗಿದ್ಮೇಲೇ ಗೊತ್ತಾಗೋದು. ಕಿವಿಲಿ ಏನೋ ಆಗ್ತಿದೆ ಅಂದ್ರೆ ಅದೇ ನಿಜವಾದ್ದು ಅಂತಾನೂ ಅಲ್ಲ, ಏನೂ ಆಗ್ತಿಲ್ಲ ಅಂದ್ರೆ ಸುಳ್ಳು ಅಂತಾನೂ ಅಲ್ಲ."

ಈ ಕೊನೆಯ ಮಾತನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಕೇಳಿಸಿಕೊಂಡು ಅಲ್ಲೇ ಬಿಟ್ಟು ಬಂದೆವು. ನನಗಂತೂ ತಲೆಯಲ್ಲಿ ಉಳಿದದ್ದು ಒಳ್ಳೆಯದಾಗಬಹುದು ಎಂಬುದೊಂದೇ.

ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬಿಳಿಯದು. ಅದರಿಂದ ಒಂದು ವೈರು, ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಮರಿಯಂಥ ಕ್ಲಿಪ್ಪು. ದಿನಾ ಸಂಜೆ ಒಂದು ಗಂಟೆ ಹಾಕಿಕೊಂಡು ಕೂರಬೇಕು. ನಾನು ಹೊಲಿಗೆ ನಿಲ್ಲಿಸಿ ಕ್ಲಿಪ್ ಹಾಕಿ, ಗುಂಡಿ ಒತ್ತಿ, ಮತ್ತೆ ಬಂದು ಮಷೀನಿನ ಮುಂದೆ ಕೂರುತ್ತಿದ್ದೆ. ನಡುನಡುವೆ ಕೂಗುತ್ತಿದ್ದೆ.

"ಏನಾದ್ರೂ ಆಗ್ತಿದ್ಯೇನಪ್ಪಾ?"

"ಏನೂ ಇಲ್ಲ."

ಮರುದಿನವೂ ಅದೇ. ಅದರ ಮರುದಿನವೂ ಅದೇ. ಬ್ಲೌಸ್ ಅಳತೆ ಕೊಡಲು ಬಂದವರೂ ಕೇಳತೊಡಗಿದರು. ಅಪ್ಪ ಒಳಗಿನಿಂದಲೇ "ನೀರ್ ಬಿಟ್ಟಿಲ್ಲ ಕಣ್ರವ್ವ ಇನ್ನೂ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಮೊದಲು ಬಿಟ್ಟು ತಾನು ಕೊನೆಗೆ ನಿಂತವನಿಗೆ ಇಲ್ಲಿಯೂ ಖಾಲಿ ನಲ್ಲಿಯೇ ಸಿಗಬೇಕೇ ಎಂದು ಒಳಗೇ ಕುದಿಯುತ್ತಿದ್ದೆ.

ಸೋಮವಾರ ಸೋಮವಾರ ಆಸ್ಪತ್ರೆಗೆ ಹೋಗಿ ಡಬ್ಬಿಯನ್ನೂ ಅಪ್ಪನನ್ನೂ ತೋರಿಸಿ ಬರಬೇಕಿತ್ತು. ಅಲ್ಲಿ ಸಿಕ್ಕವರು ಬಾಗಲೂರಿನ ಒಬ್ಬ ಯಜಮಾನರು. ಅಪ್ಪನದೇ ವಯಸ್ಸು, ಅದೇ ಕಾಯಿಲೆ, ಅದೇ ಪ್ರಯೋಗ. ಏರ್‌ಪೋರ್ಟಿನ ಕಡೆ ಜಮೀನಿದ್ದವರು, ಅದರಲ್ಲಿ ಎಷ್ಟೋ ಭಾಗ ಬಿಲ್ಡರಿಗೆ ಕೊಟ್ಟು ದೊಡ್ಡ ಮನೆ ಕಟ್ಟಿಸಿದ್ದರು. ಸೊಸೆ ಕಾರಿನಲ್ಲಿ ಕರೆತರುತ್ತಿದ್ದಳು. ಅಪ್ಪ ನೀರುಗಂಟಿಯ ಮಗ ಎಂದು ಗೊತ್ತಾದ ಕೂಡಲೇ ಆ ಯಜಮಾನರು ಕೂತಲ್ಲಿಂದ ಅರ್ಧ ಎದ್ದರು.

"ನಮ್ಮಪ್ಪ ಊರಾಗೆ ಯಾವನ್ಗೂ ಎದ್ರುತಿರ್ಲಿಲ್ಲ ಕಣ್ರಿ. ನೀರುಗಂಟಿ ಬಂದ ಅಂದ್ರೆ ಮಾತ್ರ ಜಗಲಿ ಬಿಟ್ಟು ಇಳಿಯೋನು."

ಇಬ್ಬರೂ ನಗಲು ಹೋಗಿ ಕೆಮ್ಮಿ, ನಾನೂ ಸೊಸೆಯೂ ಬೆನ್ನು ತಟ್ಟಬೇಕಾಯಿತು. ಅಂದಿನಿಂದ ಅವರು ಅಪ್ಪನನ್ನು "ನೀರುಗಂಟಿಗಳೇ" ಎಂದೂ, ಅಪ್ಪ ಅವರನ್ನು "ಯಜಮಾನ್ರೇ" ಎಂದೂ ಕರೆಯುತ್ತಾ, ಪಕ್ಕಪಕ್ಕದಲ್ಲಿ ಕೂತು ಒಬ್ಬರ ಕಾಲನ್ನು ಒಬ್ಬರು ಒತ್ತಿ ಯಾರದು ಹೆಚ್ಚು ಊದಿದೆ ಎಂದು ನೋಡುವುದು ಶುರುವಾಯಿತು. ನಾನು ಔಷಧಿ ಅಂಗಡಿಯ ಸಾಲಿಗೆ, ಸೊಸೆ ಕಾರು ತರಲು ಹೋದಾಗ ಅವರಿಬ್ಬರೇ ಇರುತ್ತಿದ್ದರು. ಅಪ್ಪನ ಮುಖ ಆ ಒಂದು ದಿನ ಗೆಲುವಾಗಿರುತ್ತಿತ್ತು. ಅದಕ್ಕೇ ನಾನು ಸಾಲಿನಲ್ಲಿ ಅವಸರ ಮಾಡುತ್ತಿರಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಒಂದು ಸಂಜೆ ಎಂದಿನಂತೆ ಕೂಗಿದೆ, "ಏನಾದ್ರೂ ಆಗ್ತಿದ್ಯೇನಪ್ಪಾ?"

"ಇರ್ವೆ ಅರಿದಂಗ್ ಆಗ್ತೈತೆ," ಎಂದ.

ಕೈಯಲ್ಲಿದ್ದ ಬಟ್ಟೆ ಬಿಸಾಕಿ ಓಡಿದೆ. ಅಪ್ಪ ಗೋಡೆಗೆ ಒರಗಿ, ಕ್ಲಿಪ್ ಹಾಕಿದ್ದ ಕಿವಿಯ ಕಡೆಗೆ ತಲೆ ವಾಲಿಸಿಕೊಂಡು ಕೂತಿದ್ದ. ಮಣ್ಣಿನ ಕಾಲುವೆಯಲ್ಲಿ ದೂರದಿಂದ ಬರುವ ನೀರಿನ ಸದ್ದು ಕೇಳುವವನ ಹಾಗೆ ಕಂಡ. ನಾನು ಅವನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತೆ. ಮಗುವಿಗೆ ಮೊದಲ ಹಲ್ಲು ಮೂಡಿದ ಹಾಗೆ ಬೀದಿಗೆಲ್ಲ ಸಾರಿಕೊಂಡು ಬಂದೆ.

ಆಮೇಲೆ ಅವನು ನಿಜಕ್ಕೂ ಚೇತರಿಸಿಕೊಂಡ. ಅರ್ಧ ಮುದ್ದೆ ಹೋಗಿ ಒಂದಾಯಿತು. ಒಂದು ಬೆಳಿಗ್ಗೆ ನನ್ನ ತೋಳು ಹಿಡಿದು ಕೆರೆಯವರೆಗೂ ನಡೆದ. ಈಗ ಅಲ್ಲಿ ಬೇಲಿ ಇದೆ, ಹಕ್ಕಿಗಳ ಫೋಟೊ ತೆಗೆಯುವವರು ಬರುತ್ತಾರೆ. ಅಪ್ಪ ಹಕ್ಕಿಗಳ ಕಡೆ ತಿರುಗಿಯೂ ನೋಡದೆ ಹಳೆಯ ತೂಬು ಎಲ್ಲಿತ್ತು ಎಂದು ತೋರಿಸಿದ. ಕೆಲವು ವಾರ ಚೆನ್ನಾಗಿರುತ್ತಿದ್ದ, ಕೆಲವು ವಾರ ಮಂಕಾಗುತ್ತಿದ್ದ. "ಇವತ್ತು ಇರುವೆ ಇಲ್ವಾ?" ಎಂದರೆ "ಬತ್ತವೆ ಬಿಡು, ಬರೋ ವಾರ," ಎನ್ನುತ್ತಿದ್ದ. ಕಾಯಿಲೆ ಎಂದ ಮೇಲೆ ಏರುಪೇರು ಸಹಜ ಎಂದುಕೊಂಡೆ. ಅಪ್ಪ ಬದುಕುತ್ತಾನೆ ಎಂದು ನಾನು ನಂಬಿಬಿಟ್ಟಿದ್ದೆ.

ಆಯುಧಪೂಜೆಯ ದಿನ ಮಷೀನು, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟೆ. ಅಪ್ಪನ ಹಳೆಯ ವಾಲ್ವ್ ಕೀಲಿಗೂ ಇಟ್ಟೆ. ಕೊನೆಗೆ ಆ ಬಿಳಿ ಡಬ್ಬಿಯ ಬೆನ್ನಿಗೂ ಮೂರು ಗೆರೆ ಎಳೆದು ನಡುವೆ ಬೊಟ್ಟಿಟ್ಟು ಕೈಮುಗಿದೆ. ಅದಕ್ಕಿಂತ ಹೆಚ್ಚು ಕೈಮುಗಿಯಬೇಕಾದ್ದು ನಮ್ಮ ಮನೆಯಲ್ಲಿ ಬೇರೇನೂ ಇರಲಿಲ್ಲ. ಮುಂದಿನ ಸೋಮವಾರ ಆಸ್ಪತ್ರೆಯಿಂದ ಬಂದ ಮೇಲೆ ನೋಡಿದರೆ ಡಬ್ಬಿಯ ಬೆನ್ನು ಬೋಳು.

"ಕುಂಕುಮ ಎಲ್ಲೋಯ್ತಪ್ಪಾ?"

"ಅಳಿಸೋಯ್ತು," ಎಂದ, ಗೋಡೆ ನೋಡುತ್ತಾ. ಎಣ್ಣೆಯಲ್ಲಿ ಕಲಸಿ ಇಟ್ಟ ಕುಂಕುಮ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಆ ವಾರ ಇರುವೆಗಳು ಹರಿಯುತ್ತಿದ್ದವು, ನನಗೆ ಅಷ್ಟು ಸಾಕಾಗಿತ್ತು.

ಅದರ ಮುಂದಿನ ಸೋಮವಾರ ಮಳೆ. ಮೊಣಕಾಲುದ್ದ ನೀರು ನಿಂತು ಬೀದಿಗೆ ಒಂದು ಆಟೋ ಬರಲಿಲ್ಲ, ಅಪ್ಪನಿಗೂ ಏದುಸಿರು. ಆಸ್ಪತ್ರೆಗೆ ಫೋನ್ ಮಾಡಿ ಮುಂದಿನ ವಾರ ಬರುತ್ತೇವೆಂದೆ. ಅಪ್ಪ ಒಪ್ಪಲಿಲ್ಲ. ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತ. ಮಂಗಳವಾರ ಮಳೆ ನಿಂತಾಗ ಹೊಸ ರಾಗ ತೆಗೆದ.

"ಬಾಗ್ಲೂರ್ಗೆ ಓಗಿ ಬರಾನ ನಡಿ. ಯಜಮಾನ್ರನ್ನ ನೋಡ್ಬೇಕು."

"ಬಚ್ಚಲಿಗೆ ಹೋಗಿ ಬರೋಕೆ ಎರಡು ಸಲ ಕೂತ್ಕೊಳ್ತೀಯ. ಬಾಗಲೂರಂತೆ ಬಾಗಲೂರು! ಸೋಮವಾರ ಸಿಗ್ತಾರೆ, ಆಗ ಮಾತಾಡು," ಎಂದು ರೇಗಿದೆ. ಬುಧವಾರವೂ ಕೇಳಿದ. ಬುಧವಾರವೂ ರೇಗಿದೆ. ಯಾಕೆ ಹೋಗಬೇಕೆಂದು ಅವನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಬಾಗಲೂರಿನಿಂದ ಆ ಸೊಸೆ ಫೋನ್ ಮಾಡಿದಳು. ಹಿಂದಿನ ಸಂಜೆ ಕಿವಿಗೆ ಕ್ಲಿಪ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಹಾಗೇ ಒರಗಿದರಂತೆ. ಕಾಫಿ ಕೊಡಲು ಹೋದವಳಿಗೆ ಮೈ ತಣ್ಣಗೆ ಸಿಕ್ಕಿತಂತೆ.

ಈಗ ಬಾಗಲೂರಿಗೆ ಹೋಗದೆ ವಿಧಿಯಿರಲಿಲ್ಲ. ಅಂಗಳದಲ್ಲಿ ಶಾಮಿಯಾನ, ಕುರ್ಚಿಗಳು, ಹೂವಿನ ಹಾರ. ಅಪ್ಪನನ್ನು ಹೆಣದ ಹತ್ತಿರ ಕೂರಿಸಿ ನಾನು ಒಳಗೆ ಹೋದೆ. ಸೊಸೆ ನನ್ನ ಕೈ ಹಿಡಿದು ಅತ್ತಳು. "ದಿನಾ ಸಂಜೆ ತಪ್ಪದೆ ಹಾಕ್ಕೊಳ್ತಿದ್ರು ಅಕ್ಕಾ. ಈ ಸಲ ಏನೂ ಗೊತ್ತಾಗ್ತಿಲ್ಲ, ಇರಲಿ, ಬರೋ ಸೋಮವಾರ ನನ್ನ ಪಾಳಿ ಅಂತಿದ್ರು. ಏನ್ ಪಾಳಿಯೋ ಏನೋ," ಎಂದಳು.

ಅವಳ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಬಿಳಿ ಡಬ್ಬಿ ಬೋರಲು ಬಿದ್ದಿತ್ತು. ಬೆನ್ನಿನ ಮೇಲೆ ಮೂರು ವಿಭೂತಿ ಗೆರೆ, ನಡುವೆ ನಾನಿಟ್ಟ ಕುಂಕುಮ.

ವಾಪಸು ಬರುವಾಗ ಆಟೋದಲ್ಲಿ ಅಪ್ಪ ಎಲ್ಲ ಹೇಳಿದ. ನಾನು ಔಷಧಿಯ ಸಾಲಿನಲ್ಲಿದ್ದ ಒಂದು ಸೋಮವಾರ ಯಜಮಾನರು ತಮ್ಮ ಕಿವಿಯಲ್ಲಿ ಇರುವೆ ಹರಿಯುತ್ತದೆ ಎಂದರಂತೆ. ತನಗೆ ಏನೂ ಇಲ್ಲ ಎಂದನಂತೆ ಅಪ್ಪ. ಅವರು ಅಲ್ಲೇ ತಮ್ಮ ಕ್ಲಿಪ್ ತೆಗೆದು ಅಪ್ಪನ ಕಿವಿಗೆ ಹಾಕಿ ಗುಂಡಿ ಒತ್ತಿದರಂತೆ. ಇರುವೆ ಹರಿದವು. ಅಪ್ಪನದನ್ನು ಅವರು ಹಾಕಿಕೊಂಡರು, ಏನೂ ಇಲ್ಲ. ಅಲ್ಲಿಗೆ ಇಬ್ಬರೂ ತೀರ್ಮಾನಕ್ಕೆ ಬಂದರು. ಯಜಮಾನರ ಡಬ್ಬಿಯಲ್ಲಿ ಕರೆಂಟಿದೆ, ಅಪ್ಪನದು ಖಾಲಿ. ಒಂದು ವಾರ ಇವರಿಗೆ, ಒಂದು ವಾರ ಅವರಿಗೆ. ಡಾಕ್ಟರಮ್ಮನ ಮುಂದೆ ಹೋಗುವಾಗ ಅವರವರದು ಅವರವರ ಕೈಗೆ, ಆಚೆ ಬಂದ ಮೇಲೆ ಪಾಳಿಯಂತೆ.

ನಾನು ಆಟೋದಲ್ಲೇ ಕಿರುಚಿದೆ. ಡ್ರೈವರು ಹಿಂತಿರುಗಿ ನೋಡಿದ. "ಅದೇನು ಕಾಲುವೆ ನೀರಾ? ನಿಮ್ಮಿಬ್ಬರಿಗೂ ಬುದ್ಧಿ ಇದ್ಯಾ? ಆಸ್ಪತ್ರೆಯವ್ರು ಕೊಟ್ಟಿದ್ದನ್ನ ಹಂಚ್ಕೊಂಡು ಕೂತ್ರಲ್ಲ!"

"ಒಂದ್ ಗದ್ದೇಲಿ ನೀರ್ ಅರೀತೈತೆ, ಪಕ್ಕದ್ದು ಒಣಗ್ತೈತೆ. ಅವ್ರೇ ಬಾ ಅಂದ್ರು. ಪಾಳಿ ಆಕಿದ್ದು ನಾನು," ಎಂದ ಅಪ್ಪ. ಊದಿದ ಕಾಲನ್ನು ಎಳೆದುಕೊಂಡು, "ಈ ವಾರ ಅವ್ರ ಪಾಳಿ ಕಣವ್ವ. ಅವ್ರ ಡಬ್ಬಿ ನಮ್ಮನೇಲೇ ಉಳ್ಕತು. ಪಾಳಿ ಮೀರಿ ಅವ್ರ ನೀರ್ ನಾನ್ ಕುಡ್ದೆ," ಎಂದ.

ಬಾಗಲೂರಿಗೆ ಹೋಗಬೇಕೆಂದು ಎರಡು ದಿನ ಹಟ ಹಿಡಿದದ್ದು ಯಾಕೆಂದು ಆಗ ಗೊತ್ತಾಯಿತು.

ಬಾಗಲೂರಿನ ಸೊಸೆಯಿಂದ ಆ ಡಬ್ಬಿಯನ್ನೂ ಕೇಳಿ ಪಡೆದು, ಎರಡನ್ನೂ ನಾನೇ ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಕುಂಕುಮ ಇದ್ದ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಯಜಮಾನರ ಸಾವು ಡಬ್ಬಿಯಿಂದಾದ್ದಲ್ಲ, ಅವರ ಹೃದಯ ಇದ್ದದ್ದೇ ಹಾಗೆ ಎಂದಳು. ಇನ್ನು ಇವರಿಬ್ಬರನ್ನೂ ಪ್ರಯೋಗದ ಲೆಕ್ಕದಿಂದ ಬಿಡಬೇಕಾಗುತ್ತದೆ ಎಂದಳು. ಯಾರ ಡಬ್ಬಿಯಲ್ಲಿ ನಿಜವಾದ ಕರೆಂಟಿತ್ತು ಎಂದು ಕೇಳಿದೆ. ತನಗೂ ಗೊತ್ತಿಲ್ಲ, ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ, ಆಗ ಹೇಳುತ್ತೇನೆ ಎಂದಳು.

ನನಗೆ ಗೊತ್ತಾಗಬೇಕಾದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಇರುವೆ ಹರಿದದ್ದು ಯಾರದರಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ಆಮೇಲೆ ಅಪ್ಪ ಇಳಿಯುತ್ತಾ ಹೋದ. ಮಾತ್ರೆ ಬೇಡ ಎನ್ನಲಿಲ್ಲ, ಕೊಟ್ಟದ್ದನ್ನು ನುಂಗುತ್ತಿದ್ದ. ಆದರೆ ಬಾಟಲಿಯ ನೀರಿನಲ್ಲಿ ಅರ್ಧ ಮಾತ್ರ ಕುಡಿದು ಅರ್ಧವನ್ನು ಹಾಗೇ ಇಡತೊಡಗಿದ. ಮೊದಮೊದಲು ಬಾಯಾರಿಕೆ ಕಡಿಮೆಯಾಗಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ನೋಡಿದರೆ, ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೂ ಬಂದು ಉಳಿದ ನೀರನ್ನು ಬೀದಿ ಬದಿಯ ಹೊಂಗೆ ಗಿಡಕ್ಕೆ ಸುರಿಯುತ್ತಿದ್ದ.

"ಏನ್ ಮಾಡ್ತಿದ್ದೀಯಾ?"

"ಅವ್ರ ಪಾಲು," ಎಂದ.

ನೀರು ತೀರಾ ಕಡಿಮೆಯಾದರೆ ಕಿಡ್ನಿ ಕೈಕೊಡುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದಳು. ನಾನು ಬೇಡಿಕೊಂಡೆ, ಬೈದೆ, ಕಾಲು ಹಿಡಿದೆ. ನನ್ನ ಗಂಡ ತಾಳ್ಮೆಯಿಂದ ಹೇಳಿ ನೋಡಿದ. "ಮಾವ, ಅವ್ರು ಈಗ ಇಲ್ಲ, ಪಾಲು ಯಾರಿಗೆ?" ಎಂದರೆ ಅಪ್ಪ, "ಇಲ್ದಂಗ್ ಮಾಡ್ದೋನ್ ಯಾರು?" ಎಂದು ಕೇಳಿದ. ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಸಲೈನ್ ಹಾಕಿದಾಗ ಬಾಟಲಿಯನ್ನೇ ದಿಟ್ಟಿಸುತ್ತಿದ್ದ, ಅರ್ಧಕ್ಕೆ ಬಂದಾಗ ನರ್ಸಮ್ಮನಿಗೆ ಸಾಕು ಎಂದು ಕೈ ತೋರಿಸುತ್ತಿದ್ದ. ಅವಳಿಗೆ ಅರ್ಥವಾಗುತ್ತಿರಲಿಲ್ಲ.

ನನಗೆ ಯಜಮಾನರ ಮೇಲೂ ಸಿಟ್ಟು ಬರುತ್ತಿತ್ತು. ಇದ್ದದ್ದನ್ನು ತಾವೇ ಇಟ್ಟುಕೊಳ್ಳದೆ ಇವನ ಕಿವಿಗೇಕೆ ಹಾಕಿದರು? ಒಂದೊಂದು ಸಲ, ಹಾಕದಿದ್ದರೆ ಆ ಕೆರೆಯವರೆಗಿನ ನಡಿಗೆ ನನಗೆಲ್ಲಿ ಸಿಗುತ್ತಿತ್ತು ಎಂದೂ ಅನ್ನಿಸುತ್ತಿತ್ತು. ಆ ಬೆಳಿಗ್ಗೆಯನ್ನು ಯಾರದೋ ಪ್ರಾಣದಿಂದ ಕಡಿದು ತಂದ ಹಾಗಿತ್ತು. ಆದರೂ ಅದು ಬೇಡವಾಗಿತ್ತು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಬೇಸಗೆಯಲ್ಲಿ ಡಾಕ್ಟರಮ್ಮ ಫೋನ್ ಮಾಡಿದಳು. ಪ್ರಯೋಗ ಮುಗಿದಿತ್ತು. ಅಪ್ಪ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ, ನಾನೊಬ್ಬಳೇ ಹೋದೆ.

"ನಿಮ್ಮ ತಂದೆಯವರದೇ ನಿಜವಾದ್ದು," ಎಂದಳು.

ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ಅಪ್ಪನ ಡಬ್ಬಿಯಲ್ಲಿದ್ದ ಕರೆಂಟನ್ನು ಬೇಕೆಂದೇ ಅವನ ಚರ್ಮಕ್ಕೆ ಗೊತ್ತಾಗದಷ್ಟು ಸಣ್ಣದಾಗಿ ಇಟ್ಟಿದ್ದರಂತೆ. ಯಜಮಾನರದು ಬರೀ ತೋರಿಕೆಯದು. ಚರ್ಮದ ಮೇಲೆ ಚುರುಚುರು ಎನ್ನಿಸಿ, ನರದವರೆಗೆ ಹೋಗದೆ ಅಲ್ಲೇ ನಿಲ್ಲುವಂಥದ್ದು. ಹಾಕಿಕೊಂಡವರಿಗೆ ತಮ್ಮದು ಖಾಲಿ ಎಂದು ಅನುಮಾನ ಬರಬಾರದೆಂದು ಹಾಗೆ ಮಾಡಿದ್ದಂತೆ. ಇರುವೆಗಳು ಸುಳ್ಳು. ಕುಂಕುಮದ ಡಬ್ಬಿ ನಿಜ. ಅದೇ ಯಜಮಾನರ ಕಿವಿಯಲ್ಲಿತ್ತು, ಅವರು ಕುರ್ಚಿಗೆ ಒರಗಿದ ಸಂಜೆ.

"ಹಾಗಾದ್ರೆ ಅಪ್ಪ ಚೇತರಿಸ್ಕೊಂಡಿದ್ದು?"

"ಕೆಲವು ಸಲ ಆಗತ್ತೆ. ನಂಬಿಕೆಯಿಂದ, ಮಾತ್ರೆಯಿಂದ, ಒಂದೊಂದ್ಸಲ ಸುಮ್‌ಸುಮ್ನೆ ಕೂಡ."

"ನಿಜವಾದ್ದು ಹಾಕ್ಕೊಂಡಿದ್ದ ವಾರ ಮಂಕಾಗಿರ್ತಿದ್ದ."

ಅವಳು ಮುಂದಿದ್ದ ಫೈಲು ಮುಚ್ಚಿದಳು. ಹೋಗಲಿ, ಅಪ್ಪನ ಡಬ್ಬಿಯನ್ನೇ ಮತ್ತೆ ಕೊಡಿ, ಈ ಸಲ ಯಾರಿಗೂ ಹಂಚದ ಹಾಗೆ ನಾನೇ ಕಾವಲು ಕೂರುತ್ತೇನೆ ಎಂದೆ. ಡಬ್ಬಿಗಳೆಲ್ಲ ವಾಪಸು ಹೋದವು ಎಂದಳು. ಇದು ಇನ್ನೂ ಚಿಕಿತ್ಸೆ ಎಂದು ಆಗಿಲ್ಲ, ಮುಂದೆ ಆಗುತ್ತದೋ ಇಲ್ಲವೋ ಹೇಳಲಾಗುವುದಿಲ್ಲ, ಒಬ್ಬಿಬ್ಬರನ್ನು ನೋಡಿ ಏನನ್ನೂ ಹೇಳಲಾಗುವುದಿಲ್ಲ ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಅದರಿಂದ ನನಗೇನು ಪ್ರಯೋಜನ?

ಹೆಬ್ಬಾಳದಿಂದ ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಹೇಳಿದರೆ ಅಪ್ಪನ ತಲೆಯ ಮೇಲಿನ ಕಳ್ಳತನ ಇಳಿಯುತ್ತದೆ. ಅವನು ಯಾರ ನೀರನ್ನೂ ಕುಡಿದಿಲ್ಲ, ತನ್ನದನ್ನೇ ಕೊಟ್ಟಿದ್ದಾನೆ. ಆದರೆ ಹೇಳಿದರೆ ಆ ಇರುವೆಗಳೂ ಹೋಗುತ್ತವೆ, ಕೆರೆಗೆ ನಡೆದ ಬೆಳಿಗ್ಗೆಯೂ ಹೋಗುತ್ತದೆ. ನಿಜವಾದ ಕರೆಂಟ್ ಕಿವಿಯಲ್ಲಿ ಇದ್ದಾಗಲೇ ಒಬ್ಬರು ಸತ್ತರು ಎಂಬುದೊಂದು ಉಳಿಯುತ್ತದೆ. ಹೇಗಿದ್ದರೂ ಅಪ್ಪ ಉಳಿಯುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಕಳ್ಳನೆಂದುಕೊಂಡು ಹೋಗುವುದು ಬೇಡ ಎಂದು ತೀರ್ಮಾನಿಸಿದೆ.

ಮನೆಗೆ ಬಂದು ಅಪ್ಪನ ಪಕ್ಕ ಕೂತು ಹೇಳಿದೆ. ನಿಧಾನಕ್ಕೆ, ಅವನ ಮಾತಿನಲ್ಲೇ ಹೇಳಿದೆ. ನೀರು ಇದ್ದದ್ದು ನಿನ್ನ ಡಬ್ಬಿಯಲ್ಲಿ, ಅವರದು ಬರೀ ಸದ್ದು. ನೀನು ಏನೂ ಕದಿಯಲಿಲ್ಲ. ಆ ವಾರ ನಿನ್ನ ನೀರೇ ಅವರ ಹತ್ತಿರ ಇತ್ತು.

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಎದೆ ಮೇಲೆ ಕೆಳಗೆ ಆಗುತ್ತಿತ್ತು.

"ನಮ್ ನೀರು ಇದ್ದೂ ಓದ್ರಾ?"

"ಹೂಂ."

"ಕಿವೀಲಿ ಇದ್ದಂಗೇ?"

"ಹೂಂನಪ್ಪಾ. ನಿಂದೇನೂ ತಪ್ಪಿಲ್ಲ."

ಅವನ ಮುಖ ಹಗುರಾಗುತ್ತದೆಂದು ಕಾದೆ. ಅವನು ಕಣ್ಣು ತೆರೆದು ಸೂರು ನೋಡಿದ.

"ನಾನು ಕದ್ದಿದ್ರೆ ನೀರ್ ಇತ್ತು ಅಂತಾನಾದ್ರೂ ಆಗ್ತಿತ್ತು," ಎಂದ. "ಇದೇನವ್ವ, ಕೆರೇನೇ ಒಣಗಿತ್ತಲ್ಲ."

ಅವನು ಕೈ ಚಾಚಿದ. ಬಾಟಲಿ ಕೊಟ್ಟೆ. ತಲೆ ಎತ್ತಿ ಹಿಡಿದುಕೊಂಡೆ. ಅಷ್ಟು ದಿನ ಪಾಲು ಉಳಿಸುತ್ತಿದ್ದವನು ಅವತ್ತು ನಿಲ್ಲಿಸದೆ, ಗುಟುಕು ಗುಟುಕಾಗಿ, ಬಾಟಲಿ ಖಾಲಿಯಾಗುವವರೆಗೂ ಕುಡಿದ. ಮುಗಿದ ಮೇಲೆ ಬೆಳಕಿಗೆ ಹಿಡಿದು ನೋಡಲಿಲ್ಲ.

"ಇನ್ನೊಂಚೂರು ಕೊಡು," ಎಂದ.

ಕಾಯಿಲೆ ಬಂದಾಗಿನಿಂದ ಅವನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಎದ್ದು ಹೋಗಿ ಬಿಂದಿಗೆಯಿಂದ ಚೊಂಬಿನ ತುಂಬಾ ನೀರು ತಂದು, ಅಳತೆ ನೋಡದೆ ಕೊಟ್ಟೆ.